ಸೌಟು ಮತ್ತು ನಡುಕುರ್ಚಿ

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಕಟ್ಟಿದ ಮಹಾನುಭಾವ ನಮ್ಮ ಮನೆಗೆ ಬಂದಿರಲಿಲ್ಲ. ನನ್ನ ಹೆಂಡತಿ ಮಂಗೈಯರ್ಕರಸಿಗೆ ಬರುವಷ್ಟು ಮಾತು ಮಧುರೆಯಲ್ಲಿ ಇನ್ನೊಬ್ಬರಿಗೆ ಬರುವುದಿಲ್ಲ. ಜಗಳದ ವಿಷಯದಲ್ಲೂ ಅವಳಿಗೆ ಸಾಟಿಯಿಲ್ಲ.

ಹಗಲಲ್ಲಿ ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ತಮಿಳು ಟೀಚರ್. ಸಂಜೆಯಾದರೆ ಪಟ್ಟಿಮಂಡ್ರಂ, ಅಂದರೆ ವಾದದ ಸಭೆ. ವೇದಿಕೆಯ ಈ ಬದಿಗೆ ಮೂವರು, ಆ ಬದಿಗೆ ಮೂವರು, ಮಧ್ಯದ ದೊಡ್ಡ ಕುರ್ಚಿಯಲ್ಲಿ ಗಂಟೆ ಇಟ್ಟುಕೊಂಡು ನಡುವರ್. ಆರು ಜನ ಕಿತ್ತಾಡಿ ಮುಗಿಸಿದ ಮೇಲೆ ನಡುವರ್ ಎದ್ದು ತೀರ್ಪು ಹೇಳುತ್ತಾರೆ, ಜನ ಸುಂಡಲ್ ತಿಂದ ಕಾಗದ ಮುದುರಿ ಎಸೆದು ಮನೆಗೆ ಹೋಗುತ್ತಾರೆ. ಸಿನಿಮಾ ಇಲ್ಲದಿದ್ದರೂ ನಮ್ಮ ಊರವರು ಬದುಕಿಯಾರು, ಇದಿಲ್ಲದೆ ಬದುಕಲಾರರು.

ನನ್ನದು ಮೈಕ್ ಸೆಟ್ ಬಾಡಿಗೆಯ ಅಂಗಡಿ. ಕಾಲೇಜಿನ ಸ್ಪರ್ಧೆಯೊಂದರಲ್ಲಿ ಒಬ್ಬ ಹುಡುಗಿಯ ಅಬ್ಬರ ತಡೆಯಲಾಗದೆ ನಾನು ವಾಲ್ಯೂಮ್ ತಗ್ಗಿಸಿದೆ. ಅವಳು ಮೈಕು ಬದಿಗಿಟ್ಟು ಇನ್ನೂ ಜೋರಾಗಿ ಮಾತಾಡಿದಳು. ಇವಳನ್ನು ತಗ್ಗಿಸುವುದು ನನ್ನ ಕೈಲಾಗದ ಕೆಲಸವೆಂದು ಅರಿತು ಮದುವೆಯಾದೆ.

ಮಂಗೈಗೆ ಹೆಸರು ತಂದುಕೊಟ್ಟದ್ದು ಅತ್ತೆ ಸೊಸೆ ಪಟ್ಟಿಮಂಡ್ರಂ. ಹದಿನಾಲ್ಕು ವರ್ಷದಿಂದ ಅವಳು ಸೊಸೆ ಪಕ್ಷದ ನಾಯಕಿ. ಅತ್ತೆ ಪಕ್ಷದ ನಾಯಕ ಪೊನ್ನಂಬಲಂ. ವಿಮೆ ಏಜೆಂಟ್, ಬೆಣ್ಣೆಯಂಥ ಮಾತು. ಅವನಿಗೆ ಅತ್ತೆಯೂ ಇಲ್ಲ, ಸೊಸೆಯೂ ಇಲ್ಲ, ಮದುವೆಯೇ ಆಗಿಲ್ಲ. ಆದರೂ ಅತ್ತೆಯರ ಕಷ್ಟ ಹೇಳಿ ಕಣ್ಣೀರು ಹಾಕುತ್ತಾನೆ.

ಮಂಗೈಯ ಬತ್ತಳಿಕೆಯಲ್ಲಿ ಒಂದು ಬ್ರಹ್ಮಾಸ್ತ್ರವಿತ್ತು. ಸೌಟಿನ ಕಥೆ. “ಮದುವೆಯಾಗಿ ಮೂರನೇ ವಾರ. ಒಲೆ ಮುಂದೆ ನಿಂತು ದೋಸೆ ಹುಯ್ಯೋಕೆ ಸೌಟು ಎತ್ತಿದೆ. ನಮ್ಮತ್ತೆ ಬಂದ್ರು. ಒಂದು ಮಾತಿಲ್ಲ, ಕತೆಯಿಲ್ಲ, ನನ್ನ ಕೈಯಿಂದ ಸೌಟು ಕಿತ್ಕೊಂಡ್ರು. ‘ನಡಿ ಆಚೆ’ ಅಂದ್ರು. ನಮ್ಮೂರ ಮೀನಾಕ್ಷಿಯಮ್ಮನಿಗೆ ವರ್ಷಕ್ಕೊಂದ್ಸಲ ಪಟ್ಟಾಭಿಷೇಕ ಮಾಡಿ ರಾಜದಂಡ ಕೊಡ್ತಾರೆ. ನಾಲ್ಕು ತಿಂಗಳಾದ ಮೇಲೆ ಆ ತಾಯಿ ಕೂಡ ಆಳ್ವಿಕೇನ ಸ್ವಾಮಿಗೆ ಬಿಟ್ಟುಕೊಡ್ತಾಳೆ. ನಮ್ಮನೆ ಮೀನಾಕ್ಷಿ ಇದ್ದಾರಲ್ಲ, ಸೌಟು ಕೆಳಗಿಟ್ಟಿದ್ದೇ ಇಲ್ಲ!”

ಇಷ್ಟಕ್ಕೆ ಜನ ಉರುಳಾಡಿ ನಗುತ್ತಿದ್ದರು. ಅವಳು ಏಳುವ ಮೊದಲೇ ಹಿಂದಿನ ಸಾಲಿನಿಂದ “ಅಕ್ಕಾ, ಸೌಟು! ಸೌಟು!” ಎಂದು ಕೂಗು ಬರುತ್ತಿತ್ತು.

ಆ ಮೀನಾಕ್ಷಿ ಎಂದರೆ ನನ್ನ ತಾಯಿ, ವಳ್ಳಿಯಮ್ಮೈ. ಒಂದೇ ಒಂದು ಪಟ್ಟಿಮಂಡ್ರಕ್ಕೂ ಬಂದವಳಲ್ಲ. ತರಕಾರಿಯವನು ಕೂಡ “ಏನಮ್ಮಾ, ಸೌಟು ಎಲ್ಲಿ?” ಎಂದು ಕೇಳಿದರೆ ಅಮ್ಮ ಅವನ ಬದನೆಕಾಯಿಯಲ್ಲಿ ಹುಳುಕು ಹುಡುಕಿ ಸುಮ್ಮನಾಗುತ್ತಿದ್ದಳು.

ಪೊಂಗಲ್‌ಗೆ ಮುಂಚಿನ ಮಾರ್ಗಳಿ ತಿಂಗಳ ಒಂದು ಬೆಳಗ್ಗೆ ನಮ್ಮ ನಡುವರ್, ತಮಿಳು ಪಂಡಿತರಾದ ಪುಲವರ್ ತಿರುಮಲೈಕೊಳುಂದು ಅಯ್ಯಾ, ಎಲ್ಲರನ್ನೂ ಮನೆಗೆ ಕರೆಸಿದರು. ಜಗಲಿಯ ಮೇಲೆ ಶುಂಠಿ ಕಾಫಿ ಕೊಟ್ಟು, ನೆಟ್ಟಗೆ ವಿಷಯಕ್ಕೆ ಬಂದರು.

“ನಂಗೆ ಸಾಕಾಯ್ತಪ್ಪ. ಗಂಟಲು ಹೋಯ್ತು, ಮಂಡಿ ಹೋಯ್ತು. ಈ ಪೊಂಗಲ್‌ಗೆ ವಿರುದುನಗರದ ಎಣ್ಣೆ ವರ್ತಕರು ಕರೆದಿದ್ದಾರೆ. ಅದೇ ನನ್ನ ಕೊನೇದು. ಆಮೇಲೆ ನಡುಕುರ್ಚಿ ನಿಮ್ಮಿಬ್ಬರಲ್ಲಿ ಒಬ್ಬರಿಗೆ.”

ಇಬ್ಬರು ಎಂದರೆ ಯಾರೆಂದು ಹೇಳಬೇಕಿರಲಿಲ್ಲ. ಮಂಗೈ ಕಾಫಿ ಲೋಟ ಕೆಳಗಿಟ್ಟಳು. ನಡುಕುರ್ಚಿ ಅವಳ ಆಸೆಯೆಂದು ನನಗೆ ಮೊದಲಿಂದ ಗೊತ್ತು. ಸಭೆ ಖಾಲಿಯಾದ ಮೇಲೆ ನಾನು ವೈರು ಸುತ್ತುವಾಗ ಆ ಕುರ್ಚಿಯ ಕೈಯನ್ನು ಒಮ್ಮೆ ಸವರಿ ಬರುತ್ತಿದ್ದಳು. ಕೂತದ್ದಿಲ್ಲ. ಎಷ್ಟು ಚೆನ್ನಾಗಿ ಮಾತಾಡಿದರೂ ಬದಿಯ ಕುರ್ಚಿಯವಳು ಬದಿಯವಳೇ, ಜನ ಮನೆಗೆ ಹೊತ್ತೊಯ್ಯುವುದು ನಡುವರ್ ಮಾತನ್ನು ಎಂದು ಅವಳಿಗೆ ಹೊಟ್ಟೆಯೊಳಗೆ ಉರಿ ಇತ್ತು.

“ವಿಷಯ ನಮ್ಮದೇ ಹಳೇದು,” ಎಂದರು ಪುಲವರ್. “ಮನೆ ನೆಮ್ಮದಿಗೆ ಹೆಚ್ಚು ಬಿಟ್ಟುಕೊಡೋರು ಯಾರು, ಅತ್ತೆನಾ ಸೊಸೆನಾ. ಆದ್ರೆ ಈ ಸಲ ಪೊನ್ನಂಬಲಂ ಸೊಸೆ ಪಕ್ಷ. ಮಂಗೈ ಅತ್ತೆ ಪಕ್ಷ.”

ಪೊನ್ನಂಬಲಂ ನಕ್ಕ. ಮಂಗೈ ನಗಲಿಲ್ಲ. “ಅಯ್ಯಾ, ನಾನು ಗಂಡಸು ಅಂತ ವಾದ ಮಾಡು ಅನ್ನಿ, ಮೀಸೆ ಅಂಟಿಸ್ಕೊಂಡು ಮಾಡ್ತೀನಿ. ಅತ್ತೆ ಪರ ಮಾತ್ರ ಆಗಲ್ಲ.”

“ಹಾಗಾದ್ರೆ ಬದಿಯ ಕುರ್ಚಿ ಚೆನ್ನಾಗಿದೆಯಲ್ಲಮ್ಮ, ಅಲ್ಲೇ ಇರು. ಅಲ್ಲಿಂದ ಒಂದೇ ಬದಿ ಕಂಡ್ರೂ ನಡೆಯುತ್ತೆ. ನಡುಕುರ್ಚಿಯಿಂದ ಎರಡೂ ಕಾಣಬೇಕು.”

ಮನೆಗೆ ಮರಳುವಾಗ ನಮ್ಮ ಮೈಕ್ ಸೆಟ್ ವ್ಯಾನಿನಲ್ಲಿ ಅವಳ ಬಾಯಿಂದ ಒಂದು ಮಾತಿಲ್ಲ. ಅದೇ ನನಗೆ ಹೆಚ್ಚು ಭಯ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆ ಕೊತ್ತಿ ನಾನು. ಮೂರು ದಿನ ನನಗೆ ಸಾರಿನಲ್ಲಿ ಉಪ್ಪಿರಲಿಲ್ಲ.

ಪುಸ್ತಕ ತಿರುವಿದಳು, ತಿರುಕ್ಕುರಳ್ ತಿರುವಿದಳು, ಅತ್ತೆಯನ್ನು ಹೊಗಳುವ ಹಳೆಯ ಪದ್ಯವೇನಾದರೂ ಇದೆಯೇ ಎಂದು ಶಾಲೆಯ ಗ್ರಂಥಾಲಯ ಜಾಲಾಡಿದಳು. ಬರೆದದ್ದನ್ನು ನನ್ನ ಮುಂದೆ ಓದಿದಳು. ‘ಅತ್ತೆ ಎಂಬುವಳು ಆಲದ ಮರ’ ಎಂದು ಶುರುವಾಗುತ್ತಿತ್ತು. ನಾನು ಆಕಳಿಸಿದೆ.

“ಏನ್ರೀ, ಅಷ್ಟು ಕೆಟ್ಟದಾಗಿದೆಯಾ?”

“ಶಾಲಾ ವಾರ್ಷಿಕೋತ್ಸವಕ್ಕೆ ಪರವಾಗಿಲ್ಲ. ಪೊನ್ನಂಬಲಂ ಮುಂದೆ ಇದು ಹಪ್ಪಳ. ಅಲ್ಲ ಕಣೇ, ಮನೇಲಿ ಜೀವಂತ ಅತ್ತೆ ಕೂತಿದ್ದಾಳೆ. ಅವಳನ್ನೇ ಕೇಳಬಾರದಾ?”

“ನಾನಾ? ಅವರನ್ನಾ?” ಎಂದಳು. ಹದಿನಾಲ್ಕು ವರ್ಷ ಮಾತಿಗೆ ಎದುರಿಲ್ಲದವಳಿಗೆ ಅಡುಗೆಮನೆಯ ಹೊಸ್ತಿಲು ದಾಟಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು.

ಅಮ್ಮ ನೆಲದ ಮೇಲೆ ಕಾಲು ಚಾಚಿ ಸಣ್ಣ ಈರುಳ್ಳಿ ಬಿಡಿಸುತ್ತಿದ್ದಳು. ಮಂಗೈ ಎದುರು ಕೂತು ತಾನೂ ಒಂದು ಈರುಳ್ಳಿ ತೆಗೆದುಕೊಂಡಳು. ನಾನು ನೀರು ಕುಡಿಯುವ ನೆಪ ಮಾಡಿ ಬಾಗಿಲಲ್ಲಿ ನಿಂತೆ.

“ಅತ್ತೆ, ಈ ಸಲ ನಾನು ನಿಮ್ಮ ಪರ ಮಾತಾಡಬೇಕು. ಒಂದೆರಡು ಪಾಯಿಂಟ್ ಹೇಳಿ.”

ಅಮ್ಮ ತಲೆ ಎತ್ತಲಿಲ್ಲ. “ಹದಿನಾಲ್ಕು ವರ್ಷ ಊರೂರಲ್ಲಿ ನನ್ನ ಮಾನ ಹರಾಜಾಕಿದೆ. ಈಗ ನೀನೇ ನನ್ನ ವಕೀಲಳಾ? ಬೇಲಿನೇ ಬಂದು ಹೊಲಕ್ಕೆ ಸಮಾಧಾನ ಹೇಳಿದಂಗಾಯ್ತು.”

“ಅದು ವೇದಿಕೆ ಮಾತು ಅತ್ತೆ. ತಮಾಷೆಗೆ.”

“ಗೊತ್ತು ಬಿಡು. ಪಾಯಿಂಟು ಗೀಯಿಂಟು ನನ್ನತ್ರ ಇಲ್ಲ. ಬೇಕಾದ್ರೆ ಒಂದು ಕೆಲಸ ಮಾಡು, ನೀನು ಅತ್ತೆ ಪರ ಮಾತಾಡು, ನಾನು ಸೊಸೆ ಪರ ನಿಲ್ತೀನಿ. ನಿನಗೆ ಅಭ್ಯಾಸ ಆಗುತ್ತೆ. ಲೋ ವೀರಬಾಹು, ಕಳ್ಳನ ಹಾಗೆ ನಿಂತಿದ್ದೀಯಲ್ಲ, ಬಂದು ಕೂತ್ಕೋ. ನೀನೇ ನಡುವರ್.”

ನಾನು ಇಬ್ಬರ ನಡುವೆ, ಈರುಳ್ಳಿ ಬುಟ್ಟಿಯ ಪಕ್ಕ ಕೂತೆ. ಗಂಟೆಯ ಬದಲು ಲೋಟ ಚಮಚ. ಮಂಗೈ ಆಲದ ಮರ ನೆಟ್ಟಳು. ಅಮ್ಮ ಅದನ್ನು ಪೂರ್ತಿ ಕೇಳಿ, ಕೈ ಒರೆಸಿಕೊಂಡು, ಗಂಟಲು ಸರಿಮಾಡಿ ಶುರುಮಾಡಿದಳು.

“ನಡುವರ್ ಅವರೇ. ಎದುರು ಪಕ್ಷದೋರು ಏನೋ ಮರ ಗಿಡ ಅಂದ್ರು. ನಮ್ಮನೆ ಸೊಸೆ ಬೆಳಗ್ಗೆ ಕತ್ತಲಲ್ಲೇ ಬಸ್ಸು ಹಿಡೀತಾಳೆ. ಸಂಜೆ ಬರೋವಾಗ ಕೂದಲೆಲ್ಲ ಸೀಮೆಸುಣ್ಣ, ಮುದುಕಿ ಥರ. ತವರಿಂದ ಫೋನ್ ಬಂದ್ರೆ ಹಿತ್ತಲಿಗೆ ಹೋಗ್ತಾಳೆ. ಅತ್ರೆ ನಮಗೆ ಕೇಳಿಸಬಾರದು ನೋಡಿ. ಅವಳಿಗೆ ಹಾಗಲಕಾಯಿ ಕಂಡ್ರಾಗಲ್ಲ. ಈ ಮನೇಲಿ ವಾರಕ್ಕೆರಡು ಸಲ ಹಾಗಲಕಾಯಿ. ಕಣ್ಣು ಮುಚ್ಕೊಂಡು ನುಂಗ್ತಾಳೆ. ಬೇಡ ಅಂತ ಒಂದಿನ ಬಾಯಿಬಿಟ್ಟಿಲ್ಲ.”

ಮಂಗೈಯ ಕೈ ನಿಂತಿತು. “ಗೊತ್ತಿದ್ದೂ ಮಾಡ್ತೀರಾ?”

“ನನ್ನ ಮಗನಿಗೆ ಸಕ್ಕರೆ ಕಾಯಿಲೆ ಇದೆ. ನಾನೇನ್ ಮಾಡ್ಲಿ?”

ಇಬ್ಬರೂ ನನ್ನ ಕಡೆ ನೋಡಿದರು. ನಾನು ಲೋಟ ಬಾರಿಸಿ ಸಮಯ ಮುಗಿಯಿತು ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಮ್ಮ ಮುಂದುವರಿಸಿದಳು. “ಕೊನೇದಾಗಿ ಒಂದು ಕಥೆ. ಮದುವೆಯಾಗಿ ಮೂರನೇ ವಾರ...” ಎಂದು ಸೌಟಿನ ಕಥೆಯನ್ನು ಹೇಳಿದಳು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಳು, ‘ನಮ್ಮನೆ ಮೀನಾಕ್ಷಿ’ ಎಂಬಲ್ಲಿ ಮಂಗೈ ಎತ್ತುವಂತೆಯೇ ಹುಬ್ಬು ಎತ್ತಿದಳು. ನನಗೆ ತಡೆಯಲಾಗದೆ ನಗು ಬಂತು. ಮಂಗೈಯೂ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

“ಅತ್ತೆ, ನೀವು ಒಂದು ಸಭೆಗೂ ಬಂದಿಲ್ಲ. ಇದೆಲ್ಲ ಹೇಗೆ ಗೊತ್ತು?”

“ಹೊಸ ಸ್ಪೀಕರ್ ಬಾಕ್ಸ್ ತಂದಾಗಲೆಲ್ಲ ಇವನು ನಡುಮನೇಲಿ ಹಾಕಿ ನೋಡೋದು ಯಾರ ಭಾಷಣ? ಕಿವೀಗೆ ಬಾಗಿಲು ಹಾಕಕ್ಕಾಗುತ್ತಾ?”

ಆ ಹೊತ್ತಿಗೆ ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನಿಸಿತು. ಮಂಗೈ ಮೆಲ್ಲಗೆ ಕೇಳಿದಳು, “ಆವತ್ತು ಸೌಟು ಯಾಕೆ ಕಿತ್ಕೊಂಡ್ರಿ?”

“ಪಾಯಿಂಟ್ ನನ್ನನ್ನ ಯಾಕೆ ಕೇಳ್ತೀಯ? ಸ್ಪರ್ಧೆ ನಿನ್ದು, ನೀನೇ ಹುಡುಕು,” ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈರುಳ್ಳಿಯ ಖಾರವೋ ಏನೋ.

ಪೊಂಗಲ್ ಮಾರನೆಯ ದಿನ ವಿರುದುನಗರಕ್ಕೆ ಹೊರಡುವಾಗ ಅಮ್ಮ ಕಂಚಿ ಸೀರೆ ಉಟ್ಟು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. “ನನ್ನ ಪರ ಮಾತಾಡ್ತಿದ್ದಾಳೆ. ನೆಟ್ಟಗೆ ಮಾತಾಡ್ತಾಳಾ ಅಂತ ನೋಡೋರು ಬೇಡ್ವಾ?” ಎಂದಳು. ಮಂಗೈ ಹಿಂದಿನ ಸೀಟಿನಲ್ಲಿ ಸ್ಪೀಕರುಗಳ ನಡುವೆ ಹೋಗಿ ಕೂತಳು.

ಸಂಜೆಗೆ ಮೈದಾನ ತುಂಬಿತ್ತು. ಮೊದಲು ಎದ್ದ ಪೊನ್ನಂಬಲಂ ಸೊಸೆಯರಿಗಾಗಿ ಅತ್ತ. ಚೆನ್ನಾಗಿಯೇ ಅತ್ತ. ಆದರೆ ಅವನ ಒಂದೊಂದು ಮಾತೂ ಮಂಗೈಯ ಹಳೆಯ ಮಾತೇ. ತವರಿನ ಮಲ್ಲಿಗೆ ಬಳ್ಳಿ, ಆರಿದ ಕಾಫಿ, ಎಲ್ಲವನ್ನೂ ಇಸ್ತ್ರಿ ಹಾಕಿ ತಂದಿದ್ದ. ಸೌಟನ್ನು ಮಾತ್ರ ಮುಟ್ಟಿರಲಿಲ್ಲ, ಅದು ಅವಳದೆಂದು ಊರಿಗೆಲ್ಲ ಗೊತ್ತು. ಜನ ಚಪ್ಪಾಳೆ ತಟ್ಟಿದರು.

ಮಂಗೈ ಎದ್ದಳು. ಮೊದಲ ಸಾಲಿನ ನಡುವೆ ನನ್ನ ಅಮ್ಮ. ನಾನು ವೇದಿಕೆಯ ಪಕ್ಕದಲ್ಲಿ, ಆಂಪ್ಲಿಫಯರ್ ಮುಂದೆ.

ಶುರು ಸರಾಗವಾಗಿಯೇ ಇತ್ತು. ಆಲದ ಮರ ಕಡಿದುಹಾಕಿದ್ದಳು, ಹಾಗಲಕಾಯಿ ಬಂದಿತ್ತು. ಹೆಂಗಸರ ಸಾಲು ನಕ್ಕಿತು. ಅಷ್ಟರಲ್ಲಿ ಹಿಂದಿನಿಂದ ಆ ಹಾಳು ಕೂಗು ಬಂತು. “ಅಕ್ಕಾ, ಸೌಟು!”

ಹದಿನಾಲ್ಕು ವರ್ಷದ ಅಭ್ಯಾಸ. ಗಾಣದ ಎತ್ತು ಕಣ್ಣು ಮುಚ್ಚಿದರೂ ಸುತ್ತುತ್ತದೆ. ಮಂಗೈಯ ಹುಬ್ಬು ಮೇಲೇರಿತು, ಸೊಂಟದ ಮೇಲೆ ಕೈ ಹೋಯಿತು. “ಮದುವೆಯಾಗಿ ಮೂರನೇ ವಾರ! ಒಲೆ ಮುಂದೆ ನಿಂತು ದೋಸೆ ಹುಯ್ಯೋಕೆ ಸೌಟು ಎತ್ತಿದೆ...”

ಇವಳು ತನ್ನ ಪಕ್ಷವನ್ನು ತಾನೇ ಹೊಡೆಯುತ್ತಿದ್ದಾಳೆ! ಅವಳ ಪಕ್ಕದಲ್ಲಿದ್ದ ಇಬ್ಬರು ಸಂಗಡಿಗರು ಮುಖ ಮುಖ ನೋಡಿಕೊಂಡರು. ಪೊನ್ನಂಬಲಂ ಕಾಲ ಮೇಲೆ ಕಾಲು ಹಾಕಿ ಆರಾಮಾಗಿ ಒರಗಿದ. ಮಂಗೈ ‘ನಮ್ಮತ್ತೆ ಬಂದ್ರು’ ದಾಟಿ, ‘ಕಿತ್ಕೊಂಡ್ರು’ ದಾಟಿ, ‘ನಮ್ಮನೆ ಮೀನಾಕ್ಷಿ’ಗೆ ಬಂದು ಮೊದಲ ಸಾಲಿನ ಕಡೆ ಕೈ ಚಾಚಿದಳು. ಮೈದಾನವೇ ನಕ್ಕಿತು. ಯಾರೋ ಅಮ್ಮನ ಕಡೆ ಬೊಟ್ಟು ಮಾಡಿದರು.

ಅಮ್ಮ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತ ಕೂತಿದ್ದಳು. ಸರಿಯಾಗಿಯೇ ಇದ್ದ ಸೆರಗು ಅದು.

ಮಂಗೈ ಅದನ್ನು ಕಂಡಳು. ಮಾತು ಕಡಿದಹಾಗೆ ನಿಂತಿತು. ಮೈಕು ಕೈಕೊಟ್ಟಿತೆಂದು ನಾನು ವಾಲ್ಯೂಮ್ ಏರಿಸಿದೆ, ಅವಳ ಉಸಿರು ಮೈದಾನಕ್ಕೆಲ್ಲ ಕೇಳಿತು. ಮೈಕು ಸರಿಯಿತ್ತು.

“ನಡುವರ್ ಅಯ್ಯಾ,” ಎಂದಳು ಕೊನೆಗೆ, ಬೇರೆಯೇ ದನಿಯಲ್ಲಿ. “ಎದುರು ಪಕ್ಷಕ್ಕೆ ಒಂದು ಪ್ರಶ್ನೆ ಹಾಕೋ ಹಕ್ಕು ನನಗಿದೆ. ಆ ಪ್ರಶ್ನೇನ ನಾನು ಎದುರು ಪಕ್ಷಕ್ಕೆ ಹಾಕಲ್ಲ, ಮೊದಲ ಸಾಲಿಗೆ ಹಾಕ್ತೀನಿ. ಅಪ್ಪಣೆ ಕೊಡಬೇಕು.”

ಪುಲವರ್ ಗಂಟೆಯ ಮೇಲಿಂದ ಕೈ ತೆಗೆದರು.

“ಅತ್ತೆ. ಆವತ್ತು ಸೌಟು ಯಾಕೆ ಕಿತ್ಕೊಂಡ್ರಿ?”

ನಾನು ವೈರಿಲ್ಲದ ಮೈಕು ಹಿಡಿದು ಓಡಿದೆ. ಅಮ್ಮ ಮೈಕನ್ನು ಅನುಮಾನದಿಂದ ನೋಡಿದಳು, ನನ್ನನ್ನು ಅದಕ್ಕಿಂತ ಹೆಚ್ಚು ಅನುಮಾನದಿಂದ ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿ ಹೇಳಿದಳು.

“ಆವತ್ತು ನಿಂದು ಟೀಚರ್ ಪರೀಕ್ಷೆ ಇತ್ತಲ್ವಾ. ಬಸ್ಸಿಗೆ ಹೊತ್ತಾಗಿತ್ತು. ನಿನ್ನ ಕೈ ನೋಡಿದೆ, ಗಡಗಡ ನಡುಗ್ತಿತ್ತು. ಹೊಸ ಸೊಸೆ, ದೋಸೆ ಹುಯ್ಯದೆ ಹೋದ್ರೆ ಏನಂತಾರೋ ಅಂತ ನಿಂತಿದ್ದೆ ನೀನು. ಕೈ ಸುಟ್ಕೊಂಡ್ರೆ ಬರೆಯೋದು ಹೇಗೆ? ಅದಕ್ಕೆ ಕಿತ್ಕೊಂಡೆ.”



ಆ ಪರೀಕ್ಷೆಯ ಕಥೆ ನನಗೆ ಗೊತ್ತು. ಮಂಗೈ ಅದನ್ನು ಪ್ರತಿ ವರ್ಷ ತನ್ನ ವಿದ್ಯಾರ್ಥಿನಿಯರಿಗೆ ಹೇಳುತ್ತಾಳೆ, ನಡುಗುವ ಕೈಯಲ್ಲೇ ಬರೆದು ಒಂದೇ ಸಲಕ್ಕೆ ಪಾಸಾದೆ ಎಂದು. ಸೌಟಿನ ಕಥೆ ವೇದಿಕೆಗೆ, ಪರೀಕ್ಷೆಯ ಕಥೆ ಶಾಲೆಗೆ. ಎರಡೂ ಒಂದೇ ಬೆಳಗಿನವು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ. ನಾನಂತೂ ಆವತ್ತು ಉಸಿಲಂಪಟ್ಟಿಯ ಯಾವುದೋ ಮದುವೆಗೆ ಮೈಕು ಕಟ್ಟಲು ಹೋಗಿದ್ದೆ.

“ಆವತ್ತೇ ಹೇಳಬಾರದಿತ್ತಾ ಅತ್ತೆ?” ಎಂದಳು ಮಂಗೈ.

“ನೀನು ಆವತ್ತೇ ಕೇಳಬಾರದಿತ್ತಾ?”

ಈ ಸಲದ ನಗು ಬೇರೆ ಥರ ಇತ್ತು. ಹೆಂಗಸರು ನಗುತ್ತ ಮೂಗು ಒರೆಸಿಕೊಂಡರು. ಮಂಗೈ ಕೈಮುಗಿದು, ಇನ್ನೇನೂ ಹೇಳದೆ ಹೋಗಿ ತನ್ನ ಜಾಗದಲ್ಲಿ ಕೂತಳು. ಅವಳ ಸಮಯ ಇನ್ನೂ ಉಳಿದಿತ್ತು. ಅವಳು ಸಮಯ ಉಳಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕುರ್ಚಿ ಕೈತಪ್ಪಿತು ಎಂದೇ ನಾನು ತಿಳಿದೆ. ಅವಳೂ ಹಾಗೇ ತಿಳಿದಿರಬೇಕು, ಪುಲವರ್ ಕಡೆ ನೋಡಲೂ ಇಲ್ಲ.

ಉಳಿದವರು ಮಾತಾಡಿದರು. ಏನು ಮಾತಾಡಿದರೋ, ನನ್ನ ತಲೆಗೆ ಹೋಗಲಿಲ್ಲ. ತೀರ್ಪಿನ ಹೊತ್ತಿಗೆ ಪುಲವರ್ ಕಷ್ಟಪಟ್ಟು ಎದ್ದರು. ಮಂಡಿ ನೀವಿಕೊಂಡು, “ನನ್ನ ಗಂಟಲಿಗೆ ಇವತ್ತು ತೀರ್ಪು ಹೇಳೋ ಶಕ್ತಿ ಇಲ್ಲ. ಮಂಗೈ, ಬಾಮ್ಮ ಇಲ್ಲಿ. ನೀನೇ ಹೇಳು,” ಎಂದರು.

ಪೊನ್ನಂಬಲಂ ಮುಖ ಕಪ್ಪಿಟ್ಟಿತು. “ಅಯ್ಯಾ, ಅವರು ಒಂದು ಪಕ್ಷದವರು. ಅವರೇ ತೀರ್ಪು ಕೊಟ್ರೆ ಅವರ ಪಕ್ಷಕ್ಕೇ ತಾನೆ?”

“ನೋಡೋಣ,” ಎಂದರು ಪುಲವರ್.

ಮಂಗೈ ನಡುಕುರ್ಚಿಯ ಹತ್ತಿರ ಬಂದಳು. ಅದರ ಕೈಯನ್ನು ಸವರಿದಳು. ಈ ಸಲ ಕೂತಳು.

“ಸೊಸೆ ಪರವಾಗಿ ನಾನು ಕೇಳಿದ ಒಳ್ಳೇ ವಾದ ಈ ವೇದಿಕೇದಲ್ಲ,” ಎಂದಳು. “ನಮ್ಮನೆ ಅಡುಗೆಮನೇದು. ಮಾಡಿದ್ದು ನಮ್ಮತ್ತೆ. ನಾನು ಹಿತ್ತಲಲ್ಲಿ ಯಾಕೆ ಅಳ್ತೀನಿ ಅಂತ ಅವರಿಗೆ ಗೊತ್ತಿತ್ತು. ಅವರು ಸೌಟು ಯಾಕೆ ಕಿತ್ಕೊಂಡ್ರು ಅಂತ ನನಗೆ ಇವತ್ತು ಗೊತ್ತಾಯ್ತು. ಎರಡು ಬದೀನೂ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೋರು ಅವರು. ಒಂದು ಬದಿ ಇಟ್ಕೊಂಡು ಮೈಕಲ್ಲಿ ಕೂಗಿದ್ದು ನಾನು. ಅದಕ್ಕೆ, ಹೆಚ್ಚು ಬಿಟ್ಟುಕೊಟ್ಟೋರು ಅತ್ತೆ. ಇದು ತೀರ್ಪು.”

“ನಾನು ಹೇಳಲಿಲ್ವಾ, ಸ್ವಂತ ಪಕ್ಷಕ್ಕೇ!” ಎಂದ ಪೊನ್ನಂಬಲಂ.

ಮಂಗೈ ಅವನ ಕಡೆ ತಿರುಗಿದಳು. “ಪೊನ್ನಂಬಲಂ ಅಣ್ಣಾ, ಇದು ಯಾರ ಪಕ್ಷ? ಹದಿನಾಲ್ಕು ವರ್ಷದಿಂದ ನೀವು ಹೇಳ್ತಿದ್ದಿದ್ದು ಇದೇ ಅಲ್ವಾ? ನಾನು ಕೇಳಿಸ್ಕೊಂಡಿರಲಿಲ್ಲ. ಗೆದ್ದಿದ್ದು ನೀವು. ಸೋತಿದ್ದು ನಾನು.”

ಪೊನ್ನಂಬಲಂ ತಾನೇ ಮೊದಲು ಚಪ್ಪಾಳೆ ತಟ್ಟಿದ. ಒಳ್ಳೆಯವನೇ, ಅವನಿಗೆ ಬೇಗ ಮದುವೆಯಾಗಲಿ.

ಗದ್ದಲದ ನಡುವೆ ಮೊದಲ ಸಾಲಿನಿಂದ ಅಮ್ಮನ ಕೂಗು ಕೇಳಿಸಿತು. ಮೈಕು ಇನ್ನೂ ಅವಳ ಕೈಯಲ್ಲೇ ಇತ್ತು. “ತೀರ್ಪು ತಪ್ಪು! ಹಾಗಲಕಾಯಿ ಲೆಕ್ಕಕ್ಕೆ ತಗೊಂಡಿಲ್ಲ!”

ಪುಲವರ್ ತಮ್ಮ ಗಂಟೆಯನ್ನು ಮಂಗೈಯ ಮುಂದೆ ಇಟ್ಟು, ಹೋಗಿ ಅವಳ ಖಾಲಿ ಕುರ್ಚಿಯಲ್ಲಿ ಕೂತರು.

ಮರುದಿನ ಬೆಳಗ್ಗೆ ನಾನು ಎದ್ದಾಗ ಅಡುಗೆಮನೆಯಲ್ಲಿ ಹೆಂಚು ಕಾಯುತ್ತಿತ್ತು. ಹಬ್ಬದ ರಜೆ, ಶಾಲೆಯಿಲ್ಲ. ಮಂಗೈ ಕಾಫಿಗೆಂದು ಒಳಗೆ ಹೋದಳು. ಅಮ್ಮ ಒಲೆಯ ಮುಂದಿನಿಂದ ಪಕ್ಕಕ್ಕೆ ಸರಿದು, ಸೌಟನ್ನು ಅವಳತ್ತ ಚಾಚಿದಳು.

“ತಗೋ, ಹುಯ್ಯಿ. ಇವತ್ತು ಪರೀಕ್ಷೆ ಇಲ್ಲ.”